ಹೆಬ್ಬೆರಳಲ್ಲಿ ಎಳೆಯುವ ಬಿಲ್ಲು: ನಾಲ್ಕು ತಿಂಗಳು ಬಳಸಿದ ಮೇಲೆ

ತಮ್ಮ ಜರ್ಮನಿಯಿಂದ ಬರುವಾಗ ತಂದುಕೊಟ್ಟ ಬಿಲ್ಲು ಇದು. ಹಂಗೇರಿಯ ಕುದುರೆ ಸವಾರರ ಮಾದರಿ. ಒಳಗೆ ಫೈಬರ್ ಗ್ಲಾಸ್, ಮೇಲೆ ಕಂದು ಚರ್ಮ. 28 ಇಂಚು ಎಳೆದಾಗ 35 ಪೌಂಡ್ ಭಾರ. ಬೆಲೆ 170 ಯೂರೊ. ನನ್ನ ಹತ್ತಿರ ಕುದುರೆ ಇಲ್ಲ. ಹಿತ್ತಲಿದೆ, ಹುಲ್ಲಿನ ಪಿಂಡಿ ಇದೆ, ಅದರ ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ ಇದೆ. ಸಾಕು.

ಡೆನ್ಮಾರ್ಕಿನ ಲಾರ್ಸ್ ಆಂಡರ್ಸನ್ 0.6 ಸೆಕೆಂಡಿನಲ್ಲಿ 3 ಬಾಣ ಬಿಟ್ಟೆ ಎಂದು 2015ರಲ್ಲಿ ವಿಡಿಯೊ ಹಾಕಿದಾಗಲೇ ಈ ಹುಳ ನನ್ನ ತಲೆ ಹೊಕ್ಕಿತ್ತು. ಆದರೆ ವೇಗ ಕೈಚಳಕದಷ್ಟೇ ಬಿಲ್ಲಿನಲ್ಲೂ ಇದೆ ಅಂತ ತಿಳಿದದ್ದು ಇದನ್ನು ಹಿಡಿದ ಮೇಲೆ. ಒಲಿಂಪಿಕ್ ಬಿಲ್ಲಿನಲ್ಲಿ ಬಾಣ ಕೂರಿಸೋಕೆ ಪುಟ್ಟ ಕೊಕ್ಕೆ ಇರುತ್ತದೆ. ಇಲ್ಲಿ ಎಡಗೈ ಮುಷ್ಟಿಯೇ ಆಸರೆ. ಮೂರು ಬೆರಳಲ್ಲಿ ಎಳೆಯುವವರು ಸಾಮಾನ್ಯವಾಗಿ ಬಾಣವನ್ನು ಬಿಲ್ಲಿನ ಎಡಕ್ಕೆ ಇಡುತ್ತಾರೆ, ಅಂದರೆ ಬಲಗೈಯ ಬಾಣ ಬಿಲ್ಲನ್ನು ದಾಟಿ ಆಚೆ ಹೋಗಬೇಕು. ಹೆಬ್ಬೆರಳಲ್ಲಿ ಎಳೆದರೆ ಬಾಣ ಬಲಕ್ಕೇ ಕೂರುತ್ತದೆ. ಆ ಸುತ್ತು ತಪ್ಪಿತು.

ಆಗ ಏಕಲವ್ಯ ನೆನಪಾದ. ನಾಯಿಯ ಬಾಯಿಗೆ ಏಳು ಬಾಣ ತುಂಬಿದವನು. ಹೆಬ್ಬೆರಳು ಕೊಟ್ಟ ಮೇಲೆ ಅವನು ಬಿಲ್ಲನ್ನೇ ಬಿಟ್ಟ ಅಂತ ನಾನು ತಿಳಿದಿದ್ದೆ. ಮೂಲ ಮಹಾಭಾರತದಲ್ಲಿ ಹಾಗಿಲ್ಲ. ಉಳಿದ ಬೆರಳುಗಳಿಂದ ಎಳೆದ, ಮೊದಲಿನ ವೇಗ ಮಾತ್ರ ಬರಲಿಲ್ಲ ಅಂತಿದೆ. ದ್ರೋಣರು ಕೇಳಿದ್ದು ಏನನ್ನು ಅಂತ ನನ್ನ ಬೆರಳಿಗೆ ಬೊಬ್ಬೆ ಬಂದಾಗ ಅರ್ಥವಾಯಿತು.

ಬೊಬ್ಬೆ ವಿಷಯಕ್ಕೆ ಬಂದರೆ, ಹೆದೆ ಒತ್ತದ ಹಾಗೆ ಹೆಬ್ಬೆರಳಿಗೆ ಹಾಕಿಕೊಳ್ಳೋಕೆ ಜೊತೆಗೆ ಬಂದ ಹಿತ್ತಾಳೆ ಉಂಗುರ ನನಗೆ ದೊಡ್ಡದು. ಇದು ದುಂಡಗಿರಬಾರದು, ಮೊಟ್ಟೆಯಾಕಾರ ಇರಬೇಕು. ಅಡ್ಡಡ್ಡ ತೂರಿಸಿ ಆಮೇಲೆ ತಿರುಗಿಸಿಕೊಂಡರೆ ಜಾರುವುದಿಲ್ಲ. ಶಹಜಹಾನನ ಜೇಡ್ ಉಂಗುರ ಲಂಡನ್ನಿನ ಮ್ಯೂಸಿಯಂನಲ್ಲಿದೆಯಂತೆ. ನನ್ನದನ್ನು ಬಸ್ ಸ್ಟ್ಯಾಂಡ್ ಪಕ್ಕ ಚಪ್ಪಲಿ ಹೊಲಿಯುವವರು 40 ರೂಪಾಯಿಗೆ ಹಳೇ ಚರ್ಮದಲ್ಲಿ ಮಾಡಿಕೊಟ್ಟರು. "ಏನ್ ಸಾರ್, ಬೊಂಬೆಗೆ ಚಪ್ಪಲಿನಾ?" ಅಂದರು. ಹಿತ್ತಾಳೆಗಿಂತ ಇದೇ ವಾಸಿ.

ಬಾಣಗಳು ನನ್ನನ್ನು ಜಾಸ್ತಿ ಕಾಡಿದವು. ಹಿಂಬದಿಯ ಪ್ಲಾಸ್ಟಿಕ್ ನಾಕ್, ಅಂದರೆ ಹೆದೆ ಕೂರುವ ಸೀಳು, ಹೆದೆಗೆ ಬಿಗಿಯಾಗಿ ಕಚ್ಚುತ್ತಿತ್ತು. ಪ್ರತಿ ಸಲ ಒತ್ತಿ 'ಟಕ್' ಅನ್ನಿಸಬೇಕು. ಅರದಿಂದ ಉಜ್ಜಿ ಸಡಿಲ ಮಾಡಿದೆ. ಒಂದಕ್ಕೆ ಅತಿಯಾಯಿತು, ಎಳೆಯುವಾಗಲೇ ಬಾಣ ಜಾರಿಬಿತ್ತು. ಪುಣ್ಯಕ್ಕೆ ಹೆದೆ ಬಿಡಲಿಲ್ಲ. ಬಾಣವಿಲ್ಲದೆ ಬಿಟ್ಟರೆ ಬಿಲ್ಲೇ ಸೀಳಬಹುದು. ಇನ್ನು ಗರಿ. ಅದು ಮುಷ್ಟಿಯ ಮೇಲೇ ಹಾಯುತ್ತದಲ್ವಾ, ಅದರ ಮುಂದಿನ ಚೂಪು ತುದಿ ಎರಡು ಸಲ ಚರ್ಮ ಸೀಳಿತು. ಈಗ ಅಲ್ಲಿ ದಾರ ಸುತ್ತಿ ಫೆವಿಕ್ವಿಕ್ ಹಾಕಿದ್ದೇನೆ.

ಬತ್ತಳಿಕೆ ಮೂಲೆ ಸೇರಿದೆ. ಕುದುರೆ ಮೇಲಿಂದ ಬಾಣ ಬಿಡೋದನ್ನು ಕಲಿಸುವ ಹಂಗೇರಿಯ ಲಾಯೋಶ್ ಕಶ್ಶಾಯ್ ಅವರ ಶಿಷ್ಯರ ಹಾಗೆ ಬಾಣಗಳನ್ನು ಬಿಲ್ಲು ಹಿಡಿದ ಕೈಯಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲ ದಿನ 6 ಬಾಣಕ್ಕೆ 40 ಸೆಕೆಂಡು, ಈಗ 14. ದೂರ 8 ಮೀಟರ್ ಅಷ್ಟೇ. ಇನ್ನೂ ಅವಸರ ಮಾಡಿದರೆ ಕೈ ತಾನಾಗಿ ಕಡಿಮೆ ಎಳೆಯುತ್ತದೆ. 28ರ ಬದಲು 20 ಇಂಚು ಎಳೆದ ಬಾಣ ಹುಲ್ಲಿಗೆ ಸುಮ್ನೆ ತಗುಲಿ ಜೋತುಬೀಳುತ್ತದೆ. ಆಂಡರ್ಸನ್ ಮೇಲೂ ಜನ ಇದೇ ಆಕ್ಷೇಪ ಎತ್ತಿದ್ದರು.

ಬಿಲ್ಲಿನ ಮೇಲೆ ನನ್ನ ದೂರು ಒಂದೇ: ಎರಡೇ ತಿಂಗಳಿಗೆ ಹಿಡಿಯ ಚರ್ಮ ಸಡಿಲವಾಯಿತು. ಮಾಡಿದವರಿಗೆ ಮೇಲ್ ಹಾಕಿದೆ, ಉತ್ತರ ಬರಲಿಲ್ಲ. ಅದನ್ನೂ ಚಪ್ಪಲಿಯವರೇ ಹೊಲಿದರು. ಬೇರೇನೂ ತಕರಾರಿಲ್ಲ. ಹೊಸಬರು ಮಾತ್ರ 35 ಪೌಂಡ್ ತೊಗೋಬೇಡಿ, 25 ಸಾಕು. ಮೂವತ್ತನೇ ಬಾಣಕ್ಕೆ ನನ್ನ ಭುಜ ಕೈಕೊಡುತ್ತದೆ, ಆಮೇಲೆ ಕಲಿಯುವುದೆಲ್ಲ ತಪ್ಪೇ. ದೀಪಾವಳಿಗೆ ಬರುವಾಗ ಎರಡು ಹೆದೆ ತಾ ಅಂತ ತಮ್ಮನಿಗೆ ಹೇಳಿಟ್ಟಿದ್ದೇನೆ.