ಪುಣೆಯಲ್ಲಿ ಬಾಡಿಗೆ ಮನೆಯ ಮರಕ್ಕೆ ಕೊಡಲಿ ಹಾಕಿಸುವ ಮುನ್ನ

ಪುಣೆಯ ಕೋಥರೂಡ್, ಸಹಕಾರನಗರದಂಥ ಕಡೆಗಳಲ್ಲಿ ಹಳೆಯ ಬಂಗಲೆಗಳ ಕೆಳಮನೆಯನ್ನು ಬಾಡಿಗೆಗೆ ಹಿಡಿದಿರುವ ಕನ್ನಡಿಗರು ದಯವಿಟ್ಟು ಇದನ್ನು ಓದಬೇಕು. ನಮ್ಮ ಅಂಗಳದಲ್ಲಿ ದೊಡ್ಡದೊಂದು ನೇರಳೆ ಮರವಿದೆ. ಜೂನ್ ಬಂತೆಂದರೆ ಹಣ್ಣು ಉದುರಿ ಫರಸಿಯೆಲ್ಲ ಕಲೆಯಾಗುತ್ತದೆ, ಎಲೆ ಸೇರಿ ಮೋರಿ ಕಟ್ಟಿಕೊಳ್ಳುತ್ತದೆ. ಒಂದು ಕೊಂಬೆಯಂತೂ ಪಕ್ಕದ ಮನೆಯ ತಗಡಿನ ಮೇಲೆಯೇ ಬಾಗಿತ್ತು. ಮಾಲೀಕರಿಗೆ ತಿಳಿಸಿದಾಗ ಅವರು ಫೋನಿನಲ್ಲಿ, "ಕಡಿಸಿಬಿಡಿ, ನಮ್ಮ ಪರಿಚಯದವನನ್ನೇ ಕಳಿಸುತ್ತೇನೆ, ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ" ಎಂದರು. ಕಡಿಸಿಬಿಡಿ ಎಂದೇ ಹೇಳಿದರು. ನನ್ನ ಪತ್ನಿಯೂ ಕೇಳಿಸಿಕೊಂಡಿದ್ದಾಳೆ.

ಬಂದವನನ್ನು ನಾನು ಮೊದಲು ಕೇಳಿದ್ದೇ ಪಾಲಿಕೆಯ ಪರವಾನಗಿಯನ್ನು. ಅವನು ಮೊಹರಿದ್ದ ಮರಾಠಿ ಕಾಗದವೊಂದರ ಝೆರಾಕ್ಸ್ ಕೊಟ್ಟ. ಮೇಲಿನ ಸಾಲುಗಳು ಮಾಸಿಹೋಗಿದ್ದವು. ಪೂರ್ತಿ ಹಣ ತೆಗೆದುಕೊಂಡು, ದಪ್ಪ ಕೊಂಬೆಗಳನ್ನು ಟೆಂಪೋಗೆ ಹೇರಿಕೊಂಡು, ಸೊಪ್ಪುಸದೆಯನ್ನೆಲ್ಲ ಗೇಟಿನ ಎದುರಿಗೇ ಬಿಟ್ಟುಹೋದ.

ಯಾರೋ ದೂರು ಕೊಟ್ಟಿದ್ದರು. ಪಾಲಿಕೆಯ ಉದ್ಯಾನ ವಿಭಾಗದವರು ಬಂದು ಆ ಕಾಗದವನ್ನು ಬೆಳಕಿಗೆ ಹಿಡಿದು ಓದಿದರು. ಅದರಲ್ಲಿದ್ದದ್ದು ಬೇರೊಂದು ಸೊಸೈಟಿಯ ವಿಳಾಸ, ಮರ ಗುಲ್‌ಮೊಹರ್! ಓಣಿಯವರೆಲ್ಲ ನೋಡುತ್ತಿರಲು, ಕದ್ದು ಮರ ಕಡಿಸಿದವನಂತೆ ನಾನು ಗೇಟಿನಲ್ಲಿ ನಿಂತಿದ್ದೆ. ಆ ಅವಮಾನ ಇನ್ನೂ ಉರಿಯುತ್ತಿದೆ. ಕೊಂಬೆ ಮಾತ್ರ ತೆಗೆಸಿದ್ದು ಎಂದರೂ ಉಪಯೋಗವಾಗಲಿಲ್ಲ. ಮಹಾರಾಷ್ಟ್ರದ 1975ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರಕ್ಕೆ ಯಾವ ರೀತಿಯಲ್ಲಿ ಹಾನಿ ಮಾಡಿದರೂ ಅದು ಮರ ಕಡಿದಂತೆಯೇ.

ಅಲ್ಲಿಂದಲೇ ಆ ಮನುಷ್ಯನಿಗೆ ಫೋನ್ ಮಾಡಿದೆ. "ಸಾಹೇಬರೇ, ಕಾಗದ ತೋರಿಸಿ ಅಂದಿರಿ, ತೋರಿಸಿದೆ" ಎಂದವನೇ ಫೋನ್ ಇಟ್ಟುಬಿಟ್ಟ. ಮಾಲೀಕರ ಉತ್ತರ ಇನ್ನೂ ಹೇಯವಾದದ್ದು: "ಕಸ ತೆಗೆಸಿ ಎಂದಿದ್ದೆ, ಕಡಿಸಿ ಎಂದು ನಾನೇಕೆ ಹೇಳಲಿ? ಕರಾರಿನಲ್ಲಿ ಅಂಗಳದ ಹೊಣೆ ನಿಮ್ಮದು. ದಂಡ ಬಿದ್ದರೆ ಡಿಪಾಸಿಟ್‌ನಲ್ಲಿ ಹಿಡಿಯುತ್ತೇನೆ." ಆಳನ್ನು ಕಳಿಸಿದವರೇ ಅವರು! ಅದನ್ನು ನೆನಪಿಸಿದರೆ, "ಅವನು ಯಾರೋ ನನಗೆ ಗೊತ್ತಿಲ್ಲ" ಎಂದರು. ಗೊತ್ತಿಲ್ಲವಂತೆ!

ಆದ್ದರಿಂದ ಪರವಾನಗಿಯ ಅರ್ಜಿಯನ್ನು ಮಾಲೀಕರೇ ತಮ್ಮ ಹೆಸರಿನಲ್ಲಿ, ತಮ್ಮ ಸಹಿಯಲ್ಲಿ ಹಾಕಲಿ. ಬಂದ ಪತ್ರದ ಮೂಲಪ್ರತಿಯಲ್ಲಿ ವಿಳಾಸ, ಮರದ ಜಾತಿ, ಎಷ್ಟು ಕತ್ತರಿಸಬಹುದು ಎಂಬುದನ್ನು ನೀವೇ ಓದಿ, ಸೊಪ್ಪುಸದೆ ಸಾಗಿದ ಮೇಲೆಯೇ ಹಣ ಕೊಡಿ. ಫೋನಿನಲ್ಲಿ ಧಾರಾಳವಾಗಿ ಮಾತಾಡುವ ಮಾಲೀಕರು ಅದನ್ನೇ ಬರೆದುಕೊಡಲು ಹಿಂಜರಿದರೆ, ಎಷ್ಟೇ ಎಲೆ ಉದುರಲಿ, ಮೋರಿ ಕಟ್ಟಲಿ, ಆ ಮರದ ಒಂದು ಕಡ್ಡಿಯನ್ನೂ ಮುಟ್ಟಿಸಬೇಡಿ.