ಗ್ಯಾಪ್ ಸಾಫ್ಟ್‌ವೇರ್ ರಿವ್ಯೂ (ಬಟ್ಟೆ ಬ್ರಾಂಡ್ ಅಲ್ಲ ಮಾರಾಯ್ರೇ)

ಗ್ರೂಪ್ ಥಿಯರಿ (ಗಣಿತದಲ್ಲಿ ಸಿಮಿಟ್ರಿ ಲೆಕ್ಕ ಹಾಕೋ ವಿಭಾಗ) ಓದೋರಿಗೆ ಮಾತ್ರ ಇದು, ಗ್ರೂಪ್‌ಗಳ ಲೆಕ್ಕ ಮಾಡ್ಕೊಡೋ ಸಾಫ್ಟ್‌ವೇರು. 1986ರಲ್ಲಿ ಜರ್ಮನಿಯ ಆಹೆನ್‌ನಲ್ಲಿ ಶುರುವಾಗಿದ್ದು, ಪೂರ್ತಿ ಫ್ರೀ. ಶಿವಮೊಗ್ಗಕ್ಕೆ ಹೋದಾಗ ಒಂದ್ಸಲ ಇಳಿಸ್ಕೊಂಡು ಬಂದ್ರೆ ಆಮೇಲೆ ನೆಟ್ಟೇ ಬೇಡ, ತೀರ್ಥಹಳ್ಳಿ ಕಡೆ ನಮ್ಮನೇಲಿ ಜುಲೈ ಮಳೇಲಿ ಕರೆಂಟ್ ಹೋದ್ರೆ ಟವರ್ರೂ ಹೋಗತ್ತೆ, ಬ್ಯಾಟರಿ ಇರೋ ತನಕ ಜಗಲೀಲಿ ಕೂತು ಲೆಕ್ಕ ಮಾಡಿದೀನಿ.

ಕರಿ ಸ್ಕ್ರೀನು, ಬಟನ್ ಗಿಟನ್ ಏನಿಲ್ಲ, ಎಲ್ಲ ಟೈಪ್ ಮಾಡ್ಬೇಕು. ಎಸ್-4 (ನಾಲ್ಕು ವಸ್ತು ಅದಲುಬದಲು ಮಾಡೋ ಎಲ್ಲ ರೀತಿಗಳ ಗ್ರೂಪು) ಕೊಟ್ಟು ಕ್ಯಾರೆಕ್ಟರ್ ಡಿಗ್ರಿ (ಪ್ರತಿ ಗ್ರೂಪಿಗೂ ಅಂಟ್ಕೊಂಡಿರೋ ಕೆಲವು ಪೂರ್ಣಸಂಖ್ಯೆ) ಕೇಳಿದ್ರೆ 1 ಎರಡ್ಸಲ, 2 ಒಂದ್ಸಲ, 3 ಎರಡ್ಸಲ ಅಂತ ತಕ್ಷಣ ಬರತ್ತೆ (ವರ್ಗ ಕೂಡಿಸಿ ನೋಡಿ, 24, ಅದೇ ಗ್ರೂಪಿನ ಆರ್ಡರ್, ಅಂದ್ರೆ ಅದರಲ್ಲಿರೋ ಸದಸ್ಯರ ಲೆಕ್ಕ). ಈ ಡಿಗ್ರಿಗಳ ಗ್ರಾಫ್ (ಚುಕ್ಕಿ-ಗೆರೆ ಚಿತ್ರ) ನಾನು ಪೇಪರಲ್ಲೇ ಬರ್ಕೊತೀನಿ: ಡಿಗ್ರಿನ ಭಾಗಿಸೋ ಪ್ರೈಮ್‌ಗಳು ಚುಕ್ಕಿ, ಎರಡು ಪ್ರೈಮ್‌ಗಳ ಗುಣಲಬ್ಧ ಯಾವ್ದಾದ್ರೂ ಡಿಗ್ರಿನ ಭಾಗಿಸಿದ್ರೆ ನಡುವೆ ಗೆರೆ. ಇಲ್ಲಿ 2, 3 ಎರಡೂ ಒಂಟಿ. ಎ-5ಕ್ಕೆ (ಐದು ವಸ್ತುಗಳ ಅರ್ಧದಷ್ಟು ಅದಲುಬದಲಿನ ಗ್ರೂಪು, ಸಾಲ್ವಬಲ್ ಅಲ್ಲ) 1, 3, 3, 4, 5, ಅಂದ್ರೆ ಮೂರು ಒಂಟಿ ಚುಕ್ಕಿ, ಸಾಲ್ವಬಲ್ ಗ್ರೂಪಲ್ಲಿ (ಹಂತಹಂತವಾಗಿ ಸರಳ ತುಂಡು ಮಾಡೋಕಾಗೋ ಗ್ರೂಪು) ಹಿಂಗಾಗಲ್ಲ, ಯಾವ ಮೂರು ಚುಕ್ಕಿ ತಗೊಂಡ್ರೂ ಎರಡರ ನಡುವೆ ಗೆರೆ ಇರ್ಲೇಬೇಕು ಅಂತ ಗಣಿತಜ್ಞ ಪಾಲ್ಫಿ ಅವರ ಥಿಯರಮ್ ಇದೆ.

ಹಂಗಾದ್ರೆ ಸಾಲ್ವಬಲ್ ಗ್ರೂಪಿಂದ ಯಾವ್ಯಾವ ಗ್ರಾಫ್ ಬರತ್ತೆ? ಪೂರ್ತಿ ಉತ್ತರ ಇನ್ನೂ ಯಾರ ಹತ್ರನೂ ಇಲ್ಲ. ಆರು ಚುಕ್ಕಿಯ 112 ಕನೆಕ್ಟೆಡ್ (ಎಲ್ಲ ಚುಕ್ಕಿ ಗೆರೆಯಿಂದ ಕೂಡ್ಕೊಂಡಿರೋ) ಗ್ರಾಫಲ್ಲಿ ಬಿಸ್ಲರ್, ಲಾಬಾಕರ್, ಲೂಯಿಸ್ ಅನ್ನೋ ಮೂವರು ಗಣಿತಜ್ಞರು ಸೇರಿ 9 ಬಿಟ್ಟು ಉಳಿದಿದ್ದೆಲ್ಲ ಬಗೆಹರಿಸಿದ್ರು. ಆ ಒಂಬತ್ತರಲ್ಲಿ ಒಂದನ್ನಾದ್ರೂ ಹಿಡಿಯೋಣ ಅಂತ ನಾನು ಹೊರಟೆ. ಗ್ಯಾಪ್ ಜೊತೆ ಬರೋ ಲೈಬ್ರರೀಲಿ ಆರ್ಡರ್ 2000ದ ವರೆಗಿನ ಗ್ರೂಪೆಲ್ಲ ಇದೆ, 1024 ಒಂದು ಬಿಟ್ಟು. ಒಂದೊಂದೇ ಗ್ರೂಪ್ ನೋಡ್ತಾ ಹೋಗೋ ಲೂಪ್ ಬರ್ದು ಇನ್ವರ್ಟರಿಗೆ ಹಾಕಿ ಮಲಗ್ದೆ. ಬೆಳಿಗ್ಗೆ ಕಡುಬು ಬಾಯಿಗಿಡ್ತಿದ್ದಾಗ ಹೊಳೀತು: ಡಿಗ್ರಿ ಆರ್ಡರನ್ನ ಭಾಗಿಸ್ಬೇಕಲ್ಲ, ಆರು ಬೇರೆ ಬೇರೆ ಪ್ರೈಮ್ ಅಂದ್ರೆ 2, 3, 5, 7, 11, 13 ಗುಣಿಸಿದ್ರೇ 30030, ಐದಕ್ಕೇ 2310! ಸೊಪ್ಪಿನ ಬೆಟ್ಟದಲ್ಲಿ ತೆಂಗಿನಕಾಯಿ ಹುಡುಕ್ದಂಗಾಯ್ತು. ತಪ್ಪು ನಂದೇ, ಸಾಫ್ಟ್‌ವೇರಿಂದಲ್ಲ. ಅಪ್ಪ "ರಾತ್ರಿಯೆಲ್ಲ ಎಂಥ ಓಡ್ಸಿದ್ಯಾ, ಇನ್ವರ್ಟರ್ ಕೂಗ್ತಾ ಇದೆ" ಅಂತ ಬೈದ್ರು.

2002ರಲ್ಲಿ ಲೂಯಿಸ್ ವ್ಯಾಸ 3 ಇರೋ (ಅತಿ ದೂರದ ಎರಡು ಚುಕ್ಕಿ ನಡುವೆ ಮೂರು ಗೆರೆ ದಾಟ್ಬೇಕಾದ) ಗ್ರಾಫಿಗೆ ಕಟ್ಟಿದ ಸಾಲ್ವಬಲ್ ಗ್ರೂಪಿನ ಆರ್ಡರ್ 2ರ 45ನೇ ಘಾತ ಗುಣಿಸು 32767 ಗುಣಿಸು 15, ಅದೂ ಆರೇ ಪ್ರೈಮಿಗೆ. ಅಂಥವು ಲೈಬ್ರರೀಲಿ ಸಿಗಲ್ಲ, ತಲೆ ಓಡ್ಸಿ ನಾವೇ ಕಟ್ಬೇಕು.

ನಾಲ್ಕು ಚುಕ್ಕಿ ವರೆಗೆ ಆಟ ಆಡೋಕೆ ಚಿನ್ನದಂಥ ಸಾಮಾನು, ಎಂಎಸ್ಸಿ ಹುಡುಗ್ರು ಕಣ್ಮುಚ್ಚಿ ಹಾಕ್ಕೊಳ್ಳಿ. ಐದಕ್ಕೆ ನಾಲ್ಕೂವರೆ ಸ್ಟಾರ್. ಲೂಪ್ ಓಡ್ಸೋ ಮುಂಚೆ ಪ್ರೈಮ್ ಗುಣಿಸಿ ನೋಡ್ಕೊಳ್ಳಿ, ಇನ್ವರ್ಟರ್ ಬ್ಯಾಟರಿ ದುಬಾರಿ.