ಸೆರಗು ಜಾರದಂತೆ ಪದಕ ಕಟ್ಟಿಕೊಡುವ ಅಂಗಡಿ

ಶಿವಾಜಿನಗರದ ಓಣಿಯೊಂದರಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಮಿಲಿಟರಿ ದರ್ಜಿ ಅಂಗಡಿ ಇದು. ಮಿಲಿಟರಿ ನರ್ಸಿಂಗ್ ಸೇವೆಗೆ 2026ರ ಅಕ್ಟೋಬರ್ 1ಕ್ಕೆ ನೂರು ತುಂಬುತ್ತದೆ. ಆ ಸಮಾರಂಭಕ್ಕೆಂದು ಬಣ್ಣಗೆಟ್ಟ ರಿಬ್ಬನ್‌ಗಳನ್ನು ಬದಲಾಯಿಸಿ ಪದಕಗಳನ್ನು ಹೊಸದಾಗಿ ಕಟ್ಟಿಸಲು ಹೋಗಿದ್ದೆ. ನಾನು ನಿವೃತ್ತ ಲೆಫ್ಟಿನೆಂಟ್ ಕರ್ನಲ್. ಹೆಗಲ ಮೇಲೆ ಮೇಜರ್ ದರ್ಜೆಯ ಸಿಂಹಮುದ್ರೆ ಬಂದ ಮೇಲೂ ವಾರ್ಡಿನ ಜವಾನರಿಗೆ ಕೊನೆಯವರೆಗೂ ‘ಸಿಸ್ಟರ್’ ಆಗಿಯೇ ಇದ್ದೆ. ಅದರ ಬಗ್ಗೆ ಬೇಸರವಿಲ್ಲ.

ಬೇಸರವಾದದ್ದು ಗಲ್ಲಾದಲ್ಲಿ ಕುಳಿತಿದ್ದ ಹುಡುಗ ರಸೀದಿಯಲ್ಲಿ ‘ಸಾಹೇಬರ ಪದಕ’ ಎಂದು ಬರೆದಾಗ. ನನ್ನ ಯಜಮಾನರು ಬ್ಯಾಂಕಿನಲ್ಲಿದ್ದವರು; ಅವರಿಗೆ ಬಂದದ್ದು ಕೇರಂ ಕಪ್ ಒಂದೇ. ಒಳಗಿನಿಂದ ವೃದ್ಧ ಮಾಸ್ಟರ್ ಬಂದು, ಏನೂ ಕೇಳದೆ ಆ ಸಾಲನ್ನು ಹೊಡೆದುಹಾಕಿ ‘ಕರ್ನಲ್ ಮೇಡಂ’ ಎಂದು ತಿದ್ದಿದರು.

ಅವರ ಕೈಚಳಕ ಕಾಣಬೇಕಾದರೆ ಸೀರೆ ಉಡುವವರು ಹೋಗಬೇಕು. ಬ್ಲೇಸರಿಗಾದರೆ ಯಾರು ಬೇಕಾದರೂ ಕಟ್ಟಿಕೊಟ್ಟಾರು. ರೇಷ್ಮೆ ಸೆರಗಿಗೆ ಚುಚ್ಚಿದ ಪದಕಗಳು ಮಾತ್ರ ಭಾರಕ್ಕೆ ಬಾಗಿ, ರಾಷ್ಟ್ರಗೀತೆಯ ಹೊತ್ತಿಗೆ ಸರಿಯಾಗಿ ಮೂಗು ಕೆಳಗೆ ಮಾಡುತ್ತವೆ. ಇವರು ಪಟ್ಟಿಯ ಹಿಂದೆ ಕ್ಯಾನ್ವಾಸ್ ಕೊಟ್ಟು, ಎರಡು ಪಿನ್ನುಗಳು ಸೆರಗನ್ನು ದಾಟಿ ರವಿಕೆಯನ್ನೂ ಹಿಡಿಯುವಂತೆ ಮಾಡಿದ್ದಾರೆ. ಮನೆಯಲ್ಲಿ ಉಟ್ಟು ಸೆಲ್ಯೂಟ್ ಹೊಡೆದು ನೋಡಿದೆ, ಅಲುಗಲಿಲ್ಲ.

ತಪ್ಪೂ ಆಯಿತು. ಒಂಬತ್ತು ವರ್ಷದ ದೀರ್ಘಸೇವಾ ಪದಕವನ್ನು ಇಪ್ಪತ್ತು ವರ್ಷದ್ದಕ್ಕಿಂತ ಮುಂದೆ ಕಟ್ಟಿಟ್ಟಿದ್ದರು. ಹಿರಿಯದು ಎದೆಯ ನಡುವಿನ ಕಡೆಗೆ ಇರಬೇಕು. ತೋರಿಸಿದ ಕೂಡಲೇ ಬಿಚ್ಚಿದರು, ದುಡ್ಡು ಕೇಳಲಿಲ್ಲ. ಆದರೆ ಆ ಒಂದು ಗಂಟೆ ಸ್ಟೂಲಿನ ಮೇಲೆ ಕಾಯಬೇಕಾಯಿತು.

ಕಾಯುತ್ತ ಅವರ ಹೆಗಲ ಬಿಲ್ಲೆಗಳ ಪೆಟ್ಟಿಗೆ ನೋಡಿದೆ. ದರ್ಜೆಗೊಂದು ಖಾನೆ. ಮೇಲಿನ ಸಾಲಿನಲ್ಲಿ ಖಡ್ಗ-ದಂಡಗಳ ಜೊತೆ ಒಂದು ನಕ್ಷತ್ರ, ಅಂದರೆ ಮೇಜರ್ ಜನರಲ್. ನಕ್ಷತ್ರದ ಜಾಗದಲ್ಲಿ ಸಿಂಹಮುದ್ರೆ ಬಂದರೆ ಲೆಫ್ಟಿನೆಂಟ್ ಜನರಲ್. ಈ ಎರಡು ಖಾನೆಗಳ ನಡುವೆ ಒಂದು ತೆಳು ರಟ್ಟು. ನಮ್ಮ ನರ್ಸುಗಳು ನಿಂತಿರುವುದು ಆ ರಟ್ಟಿನ ಈಚೆಗೆ. ನಮ್ಮ ಸೇನೆಯಲ್ಲಿ ಮೇಜರ್ ಜನರಲ್ ಆದ ಮೊದಲ ಹೆಣ್ಣು ವೈದ್ಯೆಯಲ್ಲ, ನರ್ಸ್: ಜಿ. ಆಲಿಸ್ ರಾಮ್, 1976ರಲ್ಲಿ. ವೈದ್ಯೆಯರು ಆಮೇಲೆ ಬಂದು ಮುಂದೆ ಹೋದರು. 2004ರಲ್ಲಿ ಪುನೀತಾ ಅರೋರಾ ಲೆಫ್ಟಿನೆಂಟ್ ಜನರಲ್ ಆದರು. 2020ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮಾಧುರಿ ಕಾನಿಟ್ಕರ್ ಅದೇ ದರ್ಜೆಗೇರಿದರು. 2024ರ ಆಗಸ್ಟಿನಲ್ಲಿ ಸಾಧನಾ ಸಕ್ಸೇನಾ ನಾಯರ್ ಭೂಸೇನೆಯ ವೈದ್ಯಕೀಯ ಸೇವೆಯ ಮಹಾನಿರ್ದೇಶಕಿ. ಅಕ್ಟೋಬರ್ 1ರಂದು, ನಮ್ಮ ಸಂಸ್ಥಾಪನಾ ದಿನದಂದೇ, ಆರತಿ ಸರೀನ್ ಮೂರೂ ಪಡೆಗಳ ವೈದ್ಯಕೀಯ ಸೇವೆಗೆ ಮುಖ್ಯಸ್ಥೆಯಾದರು. ಅವರು ಮೂರೂ ಪಡೆಗಳ ಸಮವಸ್ತ್ರ ತೊಟ್ಟವರು ಎಂದೆ. ಮಾಸ್ಟರ್ ಸೂಜಿ ನಿಲ್ಲಿಸಿ, ‘ಮೂರು ಸಲ ಅಳತೆ!’ ಎಂದರು.

ನರ್ಸಿಂಗ್ ಸೇವೆಯ ತುದಿ ಇಂದಿಗೂ ಮೇಜರ್ ಜನರಲ್. ಅಮೆರಿಕದ ಸೇನೆಯಲ್ಲಿ 2011ರಲ್ಲಿ ಪೆಟ್ರಿಶಿಯಾ ಹೊರೋಹೋ ಎಂಬ ನರ್ಸ್ ಸರ್ಜನ್ ಜನರಲ್, ಅಂದರೆ ಆ ಸೇನೆಯ ವೈದ್ಯಕೀಯ ಸೇವೆಯ ಮುಖ್ಯಸ್ಥೆ, ಆದರು. ವೈದ್ಯರೆಲ್ಲ ಅವರ ಕೈಕೆಳಗೆ. ಆಸ್ಪತ್ರೆ ನಡೆಸುವುದು ಶಸ್ತ್ರಚಿಕಿತ್ಸೆ ಮಾಡಿದಂತಲ್ಲ. ಹಾಸಿಗೆ, ಔಷಧ, ಪಾಳಿ, ಜಗಳ ಎಲ್ಲವನ್ನೂ ರಾತ್ರಿಯಿಡೀ ಸಂಭಾಳಿಸಿದವರಿಗೆ ಅದು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ‘ನರ್ಸಮ್ಮಂದಿರು ಯಾರಾದರೂ ಈ ಲೆಫ್ಟಿನೆಂಟ್ ಜನರಲ್ ಖಾನೆಯ ಬಿಲ್ಲೆ ಕೇಳಿದ್ದಾರೆಯೇ?’ ಎಂದೆ. ‘ಇಲ್ಲ ಮೇಡಂ. ಬಂದರೆ ಸ್ಟಾಕ್ ಇದೆ’ ಎಂದರು.

ಹೋಗುವವರಿಗೆ: ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತದೆ. ಗಾಡಿ ನಿಲ್ಲಿಸಲು ಜಾಗವಿಲ್ಲ, ಬಸ್ಸಿನಲ್ಲಿ ಹೋಗಿ. ಪದಕಗಳ ಕ್ರಮವನ್ನು ಚೀಟಿಯಲ್ಲಿ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ. ಸೀರೆಗೆ ಕಟ್ಟಿಸುವುದಾದರೆ ಅಂದು ತೊಡುವ ರವಿಕೆಯನ್ನೇ ಒಯ್ಯಿರಿ.